ಎಂಜಲು ಗಂಟು

ಕಳೆದ ವಾರ ಒಂದು ಪತ್ರಿಕೆಯವರು ವಿಮರ್ಶೆಗೆಂದು ನನಗೊಂದು ಪುಸ್ತಕ ಕಳುಹಿಸಿದ್ದರು. ಅಂಚೆಯ ಕಂದು ಕಾಗದ ಹರಿದ ಕೂಡಲೇ, ಹೊಸ ಹಾಳೆಗಳ ವಾಸನೆಗಿಂತ ಮೊದಲು, ಪುಸ್ತಕದ ಬೆನ್ನಿಗೆ ಹಚ್ಚಿದ್ದ ಅಂಟಿನ ವಾಸನೆ ಮೂಗಿಗೆ ಬಡಿಯಿತು. ಅಂಟು ಇನ್ನೂ ಪೂರ್ತಿ ಆರಿರಲಿಲ್ಲ. ಹಸಿಹಸಿಯಾಗಿ, ಒಗರಾಗಿ, ತುಸು ಕಮಟಾಗಿ... ಬಿಸಿನೀರಿನಿಂದ ಆಗಷ್ಟೇ ಮೇಲೆದ್ದ ರೇಷ್ಮೆಯ ಎಳೆಗೆ ಹತ್ತಿರ ಹತ್ತಿರ ಇದೇ ವಾಸನೆ ಇರುತ್ತದೆ. ರಾಮನಗರದಲ್ಲಿ ಹುಟ್ಟಿ ಬೆಳೆದವರ ಮೂಗು ಈ ವಿಷಯದಲ್ಲಿ ಮೋಸ ಹೋಗುವುದಿಲ್ಲ.

ಎರಡನೆಯ ಮಹಾಯುದ್ಧವನ್ನು ಕುರಿತ ಕನ್ನಡದ ಒಂದು ಪ್ರಸಿದ್ಧ ಕಾದಂಬರಿಯ ಹೊಸ ಮುದ್ರಣ ಅದು. ಮುನ್ನುಡಿಯನ್ನೂ ಓದದೆ ನೇರವಾಗಿ ಇನ್ನೂರ ಹನ್ನೆರಡನೆಯ ಪುಟಕ್ಕೆ ಹೋದೆ. ನಾನು ಹುಡುಕುತ್ತಿದ್ದ ವಾಕ್ಯ ಒಂದು ಅಲ್ಪವಿರಾಮವೂ ಕದಲದೆ ಅಲ್ಲೇ ಕುಳಿತಿತ್ತು. ಕೊನೆಯ ಪುಟಗಳನ್ನು ತಿರುವಿದೆ. ಕಾದಂಬರಿಕಾರರು ನನಗೆ ಮಾತು ಕೊಟ್ಟಿದ್ದ ಎರಡು ಸಾಲಿನ ಟಿಪ್ಪಣಿ ಇರಲಿಲ್ಲ. ಬದಲಾಗಿದ್ದುದು ಮುಖಪುಟ ಮಾತ್ರ: ನೀಲಿ ಆಕಾಶದಲ್ಲಿ ಅರಳಿದ ಬಿಳಿಯ ಪ್ಯಾರಾಚೂಟು.

ಆ ವಿಮರ್ಶೆಯನ್ನು ನಾನು ಬರೆಯಲಿಲ್ಲ. ಅದರ ಬದಲಿಗೆ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಎದುರು ಮನೆಯ ಹಿತ್ತಿಲಲ್ಲಿ ತಗಡಿನ ಮಾಡು. ಅದರ ಕೆಳಗೆ ನಾಲ್ಕು ಬೇಸಿನ್ನು, ಒಂದು ದೊಡ್ಡ ಒಲೆ. ಅಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುತ್ತಿದ್ದ ಕುಟುಂಬಕ್ಕೆ ಹಿರಿಯರಾಗಿದ್ದವರನ್ನು ಅವರ ಮಗಳ ಮಕ್ಕಳು ‘ನಾನಿ’ ಎನ್ನುತ್ತಿದ್ದರು. ಹಾಗಾಗಿ ಇಡೀ ಬೀದಿಗೂ ಅವರು ನಾನಿಯೇ. ಗಿಡ್ಡ ಆಳು. ಅಡಿಕೆಯ ಕೆಂಪು ಹತ್ತಿದ ಹಲ್ಲು. ಮಾತಿಗಿಂತ ಮೊದಲು ನಗು ಬಂದುಬಿಡುವ ಮುಖ. ಸಂಜೆ ನಾಲ್ಕಕ್ಕೆ ಬೇಸಿನ್ನುಗಳ ಕೆಲಸ ಮುಗಿದರೆ, ನಮ್ಮ ಜಗಲಿಗೆ ಬಂದು ಅವ್ವ ಕೊಟ್ಟ ಟೀಯಲ್ಲಿ ಬೇಕರಿಯ ಬನ್ನು ಅದ್ದಿ ತಿನ್ನುತ್ತಿದ್ದರು. ಹೊಗೆಯಾಡುವ ಟೀಯೊಳಕ್ಕೆ ಬನ್ನಿನ ಜೊತೆಗೆ ಬೆರಳ ತುದಿಗಳೂ ಮುಳುಗುತ್ತಿದ್ದವು. ನಾವು ನೋಡಿ ‘ಅಯ್ಯೋ’ ಎನ್ನುತ್ತಿದ್ದೆವು. ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಆ ಬೆರಳುಗಳು ಕುದಿನೀರಿಗೆ ಸತ್ತು ಬಹಳ ಕಾಲವಾಗಿತ್ತು.

ಪಡಿತರ ಚೀಟಿಗೆ ಹೆಬ್ಬೆಟ್ಟು ಒತ್ತಲು ಹೋದಾಗ ಒಂದು ರೇಖೆಯೂ ಮೂಡದೆ ಬರೀ ನೀಲಿ ಕಲೆ ಬಿದ್ದಿತಂತೆ. “ಏನಮ್ಮ, ಹೆಬ್ಬೆಟ್ಟು ಮನೇಲೇ ಬುಟ್ಟು ಬಂದ್ಯಾ?” ಎಂದು ಗುಮಾಸ್ತ ಕೇಳಿದನಂತೆ. “ಯುದ್ದಕ್ಕೆ ಕೊಟ್ಬುಟ್ಟೆ ಸಾರ್” ಎಂದು ನಾನಿ ಹೇಳಿದರಂತೆ.

ಅದು ಹಾಸ್ಯವಷ್ಟೇ ಆಗಿರಲಿಲ್ಲ. ಯುದ್ಧದ ವರ್ಷಗಳಲ್ಲಿ ಪ್ಯಾರಾಚೂಟಿನ ಬಟ್ಟೆಗೆ ರೇಷ್ಮೆ ಬೇಕಾಯಿತು. ಜಪಾನಿನ ರೇಷ್ಮೆ ಬರುವಂತಿರಲಿಲ್ಲ. ಮೈಸೂರು ಸೀಮೆಯ ಗೂಡಿಗೆ ಬೇಡಿಕೆ ಬಂತು. ಇಷ್ಟನ್ನು ಯಾವ ಪುಸ್ತಕವಾದರೂ ಹೇಳುತ್ತದೆ. ಆಗ ನಾನಿಗೆ ಹನ್ನೆರಡೋ ಹದಿಮೂರೋ. ಕನಕಪುರದ ಕಡೆ ನಡೆಯುತ್ತಿದ್ದ ಒಂದು ಫಿಲೇಚರಿನಲ್ಲಿ, ಎಂದರೆ ನೂಲು ಬಿಚ್ಚುವ ಕಾರ್ಖಾನೆಯಲ್ಲಿ, ಸಾಲು ಬೇಸಿನ್ನುಗಳ ಮುಂದೆ ಅವರಂಥ ಹುಡುಗಿಯರು ನಿಂತಿರುತ್ತಿದ್ದರು. ನಾಲ್ಕಾರು ಗೂಡುಗಳ ಎಳೆ ಸೇರಿಸಿ ಒಂದು ನೂಲು ಮಾಡಬೇಕು. ನೂಲು ತುಂಡಾದರೆ ಬಿಗಿಯಾಗಿ ಗಂಟು ಹಾಕಿ, ಗಂಟಿನ ಬಾಲ ಕತ್ತರಿಸಿ, ಮತ್ತೆ ರಾಟೆ ತಿರುಗಿಸಬೇಕು. ತುಂಡಾದದ್ದನ್ನು ಮೇಸ್ತ್ರಿ ಕಂಡರೆ ಬೆರಳ ಗೆಣ್ಣಿಗೆ ರೂಲು ದೊಣ್ಣೆಯ ಏಟು. ಬೆಂದ ಬೆರಳಿಗೆ, ಅದೇ ಗೆಣ್ಣಿಗೆ.

ಅದಕ್ಕೆ ಹುಡುಗಿಯರು ಒಂದು ಉಪಾಯ ಕಂಡುಕೊಂಡಿದ್ದರು. ರೇಷ್ಮೆಯ ಮೈಯಲ್ಲೇ ಅಂಟು ಇರುತ್ತದೆ. ತುಂಡಾದ ತುದಿಯನ್ನು ನಾಲಗೆಗೆ ಸೋಕಿಸಿ ಇನ್ನೊಂದು ತುದಿಯ ಮೇಲೆ ಒತ್ತಿದರೆ ಹಿಡಿದುಕೊಳ್ಳುತ್ತದೆ. ಒಣಗಿದ ಮೇಲೆ ಅಖಂಡ ನೂಲಿನಂತೆಯೇ ಕಾಣುತ್ತದೆ. ಅದರ ಹೆಸರು ಎಂಜಲು ಗಂಟು. ಗಂಟಲ್ಲದ ಗಂಟು.

ಈ ಕಥೆಯನ್ನು ನಾನಿ ನಮ್ಮ ಜಗಲಿಯಲ್ಲಿ ಎಷ್ಟು ಸಲ ಹೇಳಿದ್ದರೋ... ಪ್ರತಿ ಸಲವೂ ಹೊಟ್ಟೆ ಹಿಡಿದು ನಗುತ್ತಲೇ ಹೇಳುತ್ತಿದ್ದರು.

“ಮೇಸ್ತ್ರಿ ಆ ಕಡೆ ತಿರುಗೋದ್ರೊಳಗೆ ನಾಲ್ಗೆಗೆ ಮುಟ್ಸಿ ಅಂಟಿಸ್ಬುಡೋದು. ಅವನಜ್ಜಿ ಬಂದ್ರೂ ಗೊತ್ತಾಗ್ತಿರ್ಲಿಲ್ಲ. ರಂಜಾನಲ್ಲೇ ನಮ್ಗೆ ಕಷ್ಟ. ರೋಜಾ ಹಿಡ್ದೋಳ ಬಾಯಲ್ಲಿ ಉಗುಳು ಎಲ್ಲಿಂದ ಬರ್ಬೇಕು? ಪಕ್ಕದ ಬೇಸಿನ್ನಲ್ಲಿ ಒಬ್ಳು ಗೌಡ್ರ ಹುಡ್ಗಿ ಇದ್ಳು. ‘ಒಸಿ ಉಗುಳು ಕೊಡೇ’ ಅಂತ ನನ್ನ ಎಳೆ ಅವಳ ಬಾಯ್ಗೆ ಹಿಡೀತಿದ್ದೆ. ಅವಳು ಶನಿವಾರ ಒಪ್ಪತ್ತು ಮಾಡೋಳು, ಆವತ್ತು ನನ್ನ ಹತ್ರ ಬರೋಳು. ಅವರ ಎಂಜಲು ನಮ್ಮ ಎಂಜಲು ಸೇರ್ಕೊಂಡು ಸೀದಾ ಆಕಾಸಕ್ಕೆ ಹೋಯ್ತು ನೋಡು!”

ಪಕ್ಕದಲ್ಲಿ ಕುಳಿತ ಅಳಿಯ ಗಂಭೀರವಾಗಿ ಸೇರಿಸುತ್ತಿದ್ದ: “ಜಪಾನ್ನೋರು ಸುಮ್ನೆ ಸೋತ್ರಾ? ನಮ್ಮತ್ತೆ ಉಗುಳಿಗೇ ಹೆದರ್ಕೊಂಡಿದ್ದು.”

“ನಿನ್ ಬಾಯ್ಗೆ ಹುಳ ಬೀಳ!” ಎಂದು ನಾನಿ ಅವನ ಬೆನ್ನಿಗೊಂದು ಗುದ್ದು ಕೊಡುತ್ತಿದ್ದರು.

ಆ ನಗುವನ್ನು ನಾನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಆಮೇಲೆ ಅದನ್ನು ನಾನು ಕೇಳಲಿಲ್ಲ. ಅದನ್ನು ನಿಲ್ಲಿಸಿದವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು.

ಎಂ.ಎ. ಎರಡನೆಯ ವರ್ಷದಲ್ಲಿ ನಾನೊಂದು ಸಂಪ್ರಬಂಧ ಬರೆಯಬೇಕಿತ್ತು. ಯುದ್ಧದ ಚರಿತ್ರೆಯನ್ನೂ ಯುದ್ಧದ ಕಾದಂಬರಿಯನ್ನೂ ಅಕ್ಕಪಕ್ಕ ಇಟ್ಟು ನೋಡುವುದು ನಾನು ಆರಿಸಿಕೊಂಡ ವಿಷಯ. ಈ ಕಾದಂಬರಿ ಆಗ ನಮಗೆ ಪಠ್ಯವಾಗಿತ್ತು. ಅದರ ನಾಯಕ ಮಾಗಡಿ ಸೀಮೆಯ ಒಬ್ಬ ಒಕ್ಕಲು ಮನೆಯ ಹುಡುಗ. ಸೈನ್ಯಕ್ಕೆ ಸೇರಿ ಬರ್ಮಾಕ್ಕೆ ಹೋಗುತ್ತಾನೆ. ನಮ್ಮ ಸೀಮೆಯ ರೇಷ್ಮೆ, ನಮ್ಮ ಸೀಮೆಯ ಹುಡುಗಿಯರು ಒಂದು ಕಾದಂಬರಿಯಲ್ಲಿ ಬಂದಿದ್ದಾರೆಂದು ನನಗೆ ಎಲ್ಲಿಲ್ಲದ ಹೆಮ್ಮೆ. ರಜೆಗೆ ಊರಿಗೆ ಬಂದಾಗ ಪುಸ್ತಕ ತಂದು, “ನಾನಿ, ನಿಮ್ಮ ಯುದ್ಧ ಪುಸ್ತಕದಲ್ಲಿ ಬಂದಿದೆ, ಓದ್ತೀನಿ ಕೇಳಿ” ಎಂದು ಜಗಲಿಯಲ್ಲಿ ಕುಳಿತೆ. ಮೂರು ನೂರು ಪುಟವನ್ನು ನಾನೇ ಮೊದಲು ಪೂರ್ತಿ ಓದಿ ಮುಗಿಸಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ನಾಲ್ಕು ಸಂಜೆ ಹಬ್ಬದ ಹಾಗೆ ಕಳೆದವು. ನಾಯಕ ಸಾವನದುರ್ಗದ ಬಂಡೆ ಹತ್ತುವ ಭಾಗ ಬಂದಾಗ ನಾನಿ, “ಸಾವನದುರ್ಗ ಹತ್ತಿದೋನ್ಗೆ ಬರ್ಮಾ ಗುಡ್ಡ ಯಾವ ಮೂಲೆಗೆ?” ಎಂದು ಅವನ ಪಕ್ಷ ವಹಿಸಿದರು. ಹುಡುಗಿಯರು ಬೇಸಿನ್ನುಗಳ ಮುಂದೆ ನಿಂತು ಕೊರಳೆತ್ತಿ ಹಾಡುವ ಭಾಗ ಬಂದಾಗ ಮಾತ್ರ ಅವರಿಗೆ ತಡೆಯಲಾಗಲಿಲ್ಲ. “ಹಾಡು ಬೇರೆ! ಆ ಹಬೆಗೆ ಬಾಯಿ ತೆಗುದ್ರೆ ಹುಳದ್ ವಾಸ್ನೆ ಗಂಟ್ಲಿಗೆ ಹೋಯ್ತದೆ. ಈವಯ್ಯ ಯಾವತ್ತಾದ್ರೂ ಗೂಡು ಬೇಯ್ಸವ್ನಾ?” ಎಂದರು. ಸಂಪ್ರಬಂಧಕ್ಕೆ ಒಳ್ಳೆಯ ಟಿಪ್ಪಣಿ ಸಿಕ್ಕಿತೆಂದು ನಾನು ಬರೆದುಕೊಂಡೆ.

ಐದನೆಯ ಸಂಜೆ ಇನ್ನೂರ ಹನ್ನೆರಡನೆಯ ಪುಟ ಬಂತು.

ಆ ಪುಟದಲ್ಲಿ ನಾಯಕನ ಜೀವದ ಗೆಳೆಯ, ಅದೇ ಸೀಮೆಯ ಇನ್ನೊಬ್ಬ ಸಿಪಾಯಿ, ವಿಮಾನದಿಂದ ಹಾರುತ್ತಾನೆ. ಪ್ಯಾರಾಚೂಟು ಅರ್ಧ ಅರಳಿ ಹರಿದುಹೋಗುತ್ತದೆ. ಅವನು ಕಾಡಿನೊಳಕ್ಕೆ ಬೀಳುತ್ತಾನೆ. ಅವನು ಬೀಳುತ್ತಿರುವಾಗಲೇ ಕಾದಂಬರಿಕಾರರು ನಮ್ಮನ್ನು ಒಂದು ರೇಷ್ಮೆಯೂರಿಗೆ ಕರೆತರುತ್ತಾರೆ. ಅಲ್ಲೊಬ್ಬಳು ಸೋಮಾರಿ ಹುಡುಗಿ ಕಿಲಕಿಲ ನಗುತ್ತ ಮೇಸ್ತ್ರಿಯ ಕಣ್ಣು ತಪ್ಪಿಸಿ ಹಾಕಿದ ಒಂದು ಎಂಜಲು ಗಂಟು ಆ ಸಿಪಾಯಿಯ ಮರಣದ ಗಂಟಾಯಿತು ಎಂದು ಬರೆಯುತ್ತಾರೆ. ಭಾಷೆ ಸೊಗಸಾಗಿದೆ. ಅದನ್ನು ನಾನು ರಾಗವಾಗಿ, ಭಾವ ತುಂಬಿ ಓದಿದೆ. ಓದಿ ಮುಗಿಸಿದ ಮೇಲೆ ತಲೆಯೆತ್ತಿದೆ.

ನಾನಿಯ ಕೈಯ ಬನ್ನು ಟೀಯೊಳಗೆ ಕರಗಿ ಬಿದ್ದಿತ್ತು. ಬೆರಳು ಲೋಟದೊಳಗೇ ಇತ್ತು.

“ಎಂಜಲು ಗಂಟು ಅಂತ ಬರ್ದವ್ರಾ?” ಎಂದು ಕೇಳಿದರು. ಹೌದೆಂದೆ. “ಆ ಸಾರು... ಕನ್ನಡಕ ಹಾಕ್ಕೊಂಡು ಬಂದಿದ್ರು. ನೀನಿನ್ನೂ ಹುಟ್ಟಿರ್ಲಿಲ್ಲ. ಇಲ್ಲೇ ಕುಂತು ಎರಡು ಸಲ ಟೀ ಕುಡುದ್ರು. ನಾನು ಎಲ್ಲಾ ಹೇಳ್ದೆ. ಅವರೂ ನಗ್ತಿದ್ರಲ್ಲ?” ಎಂದರು.

ಎಂಜಲು ಗಂಟು ಎಂಬ ಮಾತು ನಿಘಂಟಿನಲ್ಲಿಲ್ಲ, ಸರ್ಕಾರಿ ವರದಿಗಳಲ್ಲಿಲ್ಲ. ಅದು ಆ ಪುಸ್ತಕದೊಳಕ್ಕೆ ಹೋದದ್ದು ಈ ಜಗಲಿಯಿಂದ, ಈ ಬಾಯಿಂದ. ಕಾದಂಬರಿಕಾರರು ಒಬ್ಬ ಹುಡುಗಿಯ ತುಂಟತನವನ್ನು ಟೀಯ ಜೊತೆಗೆ ಪಡೆದುಕೊಂಡು ಹೋಗಿ, ಅದರಿಂದ ಒಬ್ಬ ಮನುಷ್ಯನನ್ನು ಕೊಂದಿದ್ದರು.

“ಆ ಹುಡ್ಗನ ಹೆಸ್ರೇನು?” ಎಂದು ನಾನಿ ಕೇಳಿದರು.

“ನಾನಿ, ಅದು ಕಥೆ. ಅಂಥವನು ಯಾರೂ ಇರಲಿಲ್ಲ.”

“ಹೆಸ್ರು ಐತಲ್ಲ ಬೇಟಿ? ಈಗ್ತಾನೆ ನೀನೇ ಓದ್ದೆ.”

ಹೆಸರು ಹೇಳಿದೆ. ಇಲ್ಲಿ ಅದನ್ನು ಬರೆಯುವುದಿಲ್ಲ. ಅವನಿಗೆ ಇನ್ನೊಮ್ಮೆ ಜೀವ ಕೊಡಲು ನನಗೆ ಮನಸ್ಸಿಲ್ಲ. ನಾನಿ ಆ ಹೆಸರನ್ನು ಎರಡು ಸಲ ತುಟಿಯಲ್ಲೇ ಹೇಳಿಕೊಂಡು, ಸೆರಗು ಸರಿಮಾಡಿಕೊಂಡು ಮನೆಗೆ ಹೋದರು. ಪುಸ್ತಕದ ಉಳಿದ ಭಾಗವನ್ನು ಯಾರೂ ಓದು ಎನ್ನಲಿಲ್ಲ.

ಅದಾಗಿ ಒಂದೆರಡು ತಿಂಗಳಿಗೆ ಪಿತೃಪಕ್ಷ ಬಂತು. ನಮ್ಮ ಕಡೆ ಆ ಹದಿನೈದು ದಿನದಲ್ಲಿ ಒಂದು ದಿನ ಗೊತ್ತುಮಾಡಿಕೊಂಡು ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಬಾಳೆಯೆಲೆಯ ಮೇಲೆ ಅವರವರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಬಡಿಸಿ, ಧೂಪ ಹಾಕಿ, ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಅವತ್ತು ಬೆಳಿಗ್ಗೆ ನಾನಿ ಒಂದು ಸೇರು ಅಕ್ಕಿ, ಒಂದು ಚಿಪ್ಪು ಬಾಳೆಹಣ್ಣು, ಬೆಲ್ಲ ತೆಗೆದುಕೊಂಡು ಬಂದು ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು.

“ತಂಗೀ, ನಮ್ಮಲ್ಲಾದ್ರೆ ಫಾತಿಹಾ ಓದುಸ್ಬೋದು. ಅವನು ನಿಮ್ಮೋನು. ಅವನ ಹೆಸರಲ್ಲಿ ಒಂದು ಎಲೆ ಹಾಕ್ತೀಯಾ?”

ನಾನು ಹೌಹಾರಿದೆ. ಇಲ್ಲದ ಮನುಷ್ಯನಿಗೆ ಎಡೆಯೇ? ಒಬ್ಬ ಲೇಖಕ ಮೇಜಿನ ಮುಂದೆ ಕುಳಿತು ಹುಟ್ಟಿಸಿ ಕೊಂದ ಹೆಸರಿಗೆ ನಮ್ಮ ಮನೆಯಲ್ಲಿ ಧೂಪವೇ? ಅವ್ವ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಕ್ಕಿ ತೆಗೆದುಕೊಂಡಳು. “ಒಂದೆಲೆ ಜಾಸ್ತಿ ಹಾಕಿದ್ರೆ ನಮ್ಮೋರು ಜಗಳಕ್ಕೆ ಬಂದಾರಾ? ಕೂತ್ಕೊಳ್ಳಿ ನಾನಿ” ಎಂದಳು. ತಾತನ ಎಲೆ, ಅಜ್ಜಿಯ ಎಲೆ, ಚಿಕ್ಕಂದಿನಲ್ಲೇ ಹೋದ ನನ್ನ ಸೋದರಮಾವನ ಎಲೆ. ಅದರ ಪಕ್ಕದಲ್ಲಿ ಇನ್ನೂರ ಹನ್ನೆರಡನೆಯ ಪುಟದ ಸಿಪಾಯಿಯ ಎಲೆ. ಬಾಗಿಲು ಮುಂದೆ ಮಾಡಿ ನಾವೆಲ್ಲ ಹೊರಗೆ ನಿಂತಾಗ ನಾನಿ ತಲೆಯ ಮೇಲೆ ಸೆರಗು ಹೊದ್ದು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು...

ಅಂದಿನಿಂದ ನನ್ನ ಸಂಪ್ರಬಂಧ ಸಂಪ್ರಬಂಧವಾಗಿ ಉಳಿಯಲಿಲ್ಲ. ಒಂದು ಪ್ರಶ್ನೆಗೆ ಉತ್ತರ ಬೇಕಾಗಿತ್ತು: ಎಂಜಲು ಗಂಟಿನಿಂದ ಯಾರಾದರೂ ಸತ್ತರೇ?

ಚರಿತ್ರೆಯ ಪುಸ್ತಕಗಳಿಗೆ ಮೊರೆ ಹೋದೆ. ಅವುಗಳಲ್ಲಿ ಎಷ್ಟು ರೇಷ್ಮೆ ಹೋಯಿತು ಎಂಬುದಿತ್ತು. ಯಾರ ಕೈಯಿಂದ ಹೋಯಿತು ಎಂಬುದಿರಲಿಲ್ಲ. ಅಧಿಕಾರಿಗಳ ಹೆಸರಿತ್ತು, ಯಂತ್ರಗಳ ಹೆಸರಿತ್ತು, ಹುಳುವಿನ ತಳಿಗಳಿಗೂ ಹೆಸರಿತ್ತು. ಕುದಿನೀರಿನಲ್ಲಿ ಬೆರಳಿಟ್ಟ ಹುಡುಗಿಯರು ‘ಕಾರ್ಮಿಕರು’ ಎಂಬ ಒಂದು ಪದದೊಳಗೆ ಮುಗಿದುಹೋಗಿದ್ದರು. ಬರ್ಮಾದ ಆಕಾಶದಿಂದ ಇಳಿದ ಪ್ಯಾರಾಚೂಟು ಕೊಡೆಗಳ ಕೆಳಗೆ ಮನುಷ್ಯರಿಗಿಂತ ಹೆಚ್ಚಾಗಿ ಅಕ್ಕಿ, ಉಪ್ಪು, ಔಷಧದ ಪೆಟ್ಟಿಗೆಗಳು ತೂಗುತ್ತಿದ್ದವು, ಅಂಥ ಸರಕಿಗೆ ಹತ್ತಿಯ ಮತ್ತು ಸೆಣಬಿನ ಕೊಡೆಗಳನ್ನೂ ಬಳಸಿದರು ಎಂಬುದು ತಿಳಿಯಿತು. ಆದರೆ ನನ್ನ ಪ್ರಶ್ನೆ ಆ ಪುಸ್ತಕ ಬರೆದವರಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಉತ್ತರ ಕೊಟ್ಟವರು ಚನ್ನಪಟ್ಟಣದ ಒಬ್ಬ ಮುದುಕಿ. ರೇಷ್ಮೆಯ ಲಡಿಯಿಂದ ನೂಲನ್ನು ಸುರುಳಿಗೆ ಸುತ್ತುವ ಕೆಲಸದಲ್ಲಿ ಮುಪ್ಪಾದವರು. ಯುದ್ಧದ ಕಾಲದಲ್ಲಿ ಅವರೂ ಹುಡುಗಿಯೇ. ನಾನು ಎಂಜಲು ಗಂಟು ಎಂದ ಕೂಡಲೇ ಅವರ ಬಾಯಲ್ಲಿ ಒಂದು ಬೈಗುಳ ಬಂತು.

“ಓ, ಆ ಮುಂಡೇವು ನಿಮ್ಮೂರೋವಾ? ಲಡೀನ ಸೋಪ್‌ನೀರಲ್ಲಿ ನೆನೆ ಹಾಕ್ದೇಟ್ಗೆ ಅವೆಲ್ಲ ತಂತಾನೆ ಬಿಚ್ಕೊಳ್ಳೋವು ಕಣವ್ವ. ಸುತ್ತಕ್ಕೆ ಕುಂತ್ರೆ ಮಾರಿಗೊಂದು ತುಂಡು! ಬೈಕೊಂಡು ಬೈಕೊಂಡು ಒಂದೊಂದ್ನೂ ನಾವು ಗಂಟು ಹಾಕ್ಬೇಕಾಗಿತ್ತು. ಆ ಹುಡ್ಗೀರು ಸಿಕ್ಕಿದ್ರೆ ಕೆನ್ನೆಗೆರಡು ಬಾರಿಸ್ತೀನಿ ಅಂತ ಕಾಯ್ತಾ ಇದ್ದೆ.”

ಎಂಜಲು ಗಂಟು ಬಟ್ಟೆಯವರೆಗೆ ಹೋದದ್ದುಂಟೇ ಎಂದು ಕೇಳಿದೆ.

“ನೀರಿಗೆ ಬಿಚ್ಕೊಂಡೋದ್ದು ಮಗ್ಗಕ್ಕೆಂಗೆ ಹೋದದು? ನಿಮ್ಮೇಷ್ಟ್ರು ಇದ್ನೂ ಹೇಳ್ಕೊಡ್ಲಿಲ್ವಾ?”

ಆ ಹಿತ್ತಿಲಲ್ಲೇ ಒಂದು ಎಳೆಯನ್ನು ತುಂಡು ಮಾಡಿ, ಉಗುಳಿನಿಂದ ಅಂಟಿಸಿ, ಒಣಗಿಸಿ, ನೆನೆಸಿ ತೋರಿಸಿದರು. ನನ್ನ ಕಣ್ಣೆದುರಿಗೇ ಅದು ಎರಡಾಯಿತು. ಇನ್ನು ಪ್ಯಾರಾಚೂಟಿನ ಬಟ್ಟೆಯಲ್ಲಿ ಎಳೆಗಳಿಗೆ ಲೆಕ್ಕವಿಲ್ಲ; ಒಂದು ತುಂಡಾದರೆ ಪಕ್ಕದವು ಹಿಡಿದುಕೊಳ್ಳುತ್ತವೆ. ಒಂದು ಗಂಟಿನಿಂದ ಆಕಾಶ ಹರಿಯುವುದು ಕಾದಂಬರಿಯಲ್ಲಿ ಮಾತ್ರ ಸಾಧ್ಯ. ನಾನಿಯ ಅಪರಾಧವೆಂದರೆ ಚನ್ನಪಟ್ಟಣದ ಒಬ್ಬ ಹುಡುಗಿಗೆ ಕೆಲಸ ಹೆಚ್ಚಿಸಿದ್ದು. ಅಷ್ಟೇ. ಬಸ್ಸಿನಲ್ಲಿ ಊರಿಗೆ ಮರಳುವಾಗ ಆ ಎರಡು ತುಂಡು ಎಳೆ ನನ್ನ ನೋಟುಪುಸ್ತಕದೊಳಗಿದ್ದವು. ಗೆದ್ದೆನೆಂದುಕೊಂಡೆ.

ನಾನಿಯ ಬಳಿ ಹೋಗುವ ಮೊದಲು ಕಾದಂಬರಿಕಾರರ ಬಾಯಿಂದಲೇ ಈ ಮಾತನ್ನು ಹೇಳಿಸಬೇಕೆಂದು ಬೆಂಗಳೂರಿನ ಅವರ ಮನೆಗೆ ಹೋದೆ. ಅವರು ಒರಟರಲ್ಲ, ಒರಟರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಕುಳ್ಳಿರಿಸಿ ಕಾಫಿ ಕೊಟ್ಟರು, ಪೂರ್ತಿ ಕೇಳಿದರು. ಆ ಜಗಲಿ ಅವರಿಗೆ ನೆನಪಿತ್ತು. “ಬಹಳ ಲವಲವಿಕೆಯ ಹೆಂಗಸು” ಎಂದರು.

“ಕಾದಂಬರಿ ಅಂದರೆ ಅಫಿಡವಿಟ್ ಅಲ್ಲಮ್ಮ. ಯುದ್ಧದಲ್ಲಿ ಎಲ್ಲರ ಕೈಗೂ ರಕ್ತ ಅಂಟಿರುತ್ತೆ, ದೂರದ ಹುಡುಗಿಯ ಕೈಗೂ. ನಾನು ಹೇಳೋಕೆ ಹೊರಟಿದ್ದು ಅದು. ಆ ಗಂಟು ಒಂದು ರೂಪಕ.”

“ಸರ್, ಮೇಸ್ತ್ರಿಯ ಕೈಗೆ ಯಾಕೆ ಅಂಟಲಿಲ್ಲ? ಹುಡುಗಿಯರನ್ನು ಕುದಿನೀರಿನ ಮುಂದೆ ನಿಲ್ಲಿಸಿದವರ ಕೈಗೆ? ನಿಮ್ಮ ರೂಪಕಕ್ಕೆ ಸೋಮಾರಿ ಹುಡುಗಿಯೇ ಯಾಕೆ ಬೇಕಾಯಿತು?”

ಅವರು ಕನ್ನಡಕ ತೆಗೆದು ಒರೆಸಿದರು. ಮುಂದಿನ ಮುದ್ರಣದಲ್ಲಿ ಎರಡು ಸಾಲಿನ ಟಿಪ್ಪಣಿ ಹಾಕೋಣ, ನೀವೇ ಬರೆದು ಕಳಿಸಿ ಎಂದರು. ಬರೆದು ಕಳಿಸಿದೆ. ಮತ್ತೆ ಕಳಿಸಿದೆ. ಮೂರನೆಯ ಪತ್ರವನ್ನು ಪ್ರಕಾಶಕರಿಗೂ ಬರೆದೆ.

ಕಾದಂಬರಿ ಚರಿತ್ರೆಯ ಗುಮಾಸ್ತನಾಗಿರಬೇಕೆಂದು ನಾನು ಹೇಳುತ್ತಿಲ್ಲ. ಕಲ್ಪನೆಗೆ ಸ್ವಾತಂತ್ರ್ಯ ಬೇಕು. ಅದನ್ನು ನಾನೂ ಬೇಡುತ್ತೇನೆ, ನಾನೂ ಬರೆಯುವವಳೇ. ಆದರೆ ಚರಿತ್ರೆ ಒಬ್ಬಳನ್ನು ಕಾಣದೆ ಬಿಟ್ಟ ಜಾಗಕ್ಕೆ ಕಾದಂಬರಿ ಬಂದು, ಅವಳನ್ನು ಕಂಡು, ಅವಳ ಮಾತನ್ನೂ ಅವಳ ಪದವನ್ನೂ ಅವಳ ನಗುವನ್ನೂ ತೆಗೆದುಕೊಂಡು, ಕೊನೆಗೆ ಅವಳನ್ನೇ ಕಟಕಟೆಯಲ್ಲಿ ನಿಲ್ಲಿಸಿದರೆ, ಆ ಸ್ವಾತಂತ್ರ್ಯಕ್ಕೆ ಯಾರೋ ತೆರಿಗೆ ತೆತ್ತಿದ್ದಾರೆ ಎಂದಾದರೂ ಒಪ್ಪಿಕೊಳ್ಳಬೇಕು. ಚರಿತ್ರೆಕಾರರು ಅವಳನ್ನು ಮರೆತರು. ಕಾದಂಬರಿಕಾರರು ನೆನಪಿಟ್ಟುಕೊಂಡು ತೀರ್ಪು ಕೊಟ್ಟರು. ಎರಡರಲ್ಲಿ ಯಾವುದು ಹೆಚ್ಚಿನ ಅನ್ಯಾಯವೆಂದು ನನಗೆ ಇಂದಿಗೂ ತೀರ್ಮಾನಿಸಲಾಗಿಲ್ಲ.

ನಾನಿಗೆ ಎಲ್ಲವನ್ನೂ ಹೇಳಿದೆ. ಚನ್ನಪಟ್ಟಣದ ಮುದುಕಿಯ ಬೈಗುಳವನ್ನೂ ಬಿಡದೆ ಹೇಳಿದೆ. ನಗುತ್ತಾರೇನೋ ಎಂಬ ಆಸೆ. ಲೋಟದ ನೀರಿನಲ್ಲಿ ಎಳೆ ನೆನೆಸಿ ಬಿಚ್ಚಿ ತೋರಿಸಿದೆ. ಸಂಪ್ರಬಂಧದ ಆ ಅಧ್ಯಾಯವನ್ನು ಓದಿದೆ. ನಾನಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹಾಳೆಯೊಂದನ್ನು ಇಸಿದುಕೊಂಡು, ರೇಖೆಯಿಲ್ಲದ ಆ ಬೆರಳಿನಿಂದ ಅಕ್ಷರಗಳ ಮೇಲೆ ಮೆಲ್ಲಗೆ ಸವರಿದರು.

“ಇದು ಟೈಪಲ್ವಾ?”

“ಹೌದು ನಾನಿ.”

“ಕೋರ್ಟಿಂದ ಬತ್ತದಲ್ಲ, ಹಂಗೈತೆ. ಅವರ್ದು ಅಚ್ಚಾಗಿರೋದು.” ಹಾಳೆಯನ್ನು ಹಿಂದಕ್ಕೆ ಕೊಡುತ್ತ, ನನಗೇ ಸಮಾಧಾನ ಹೇಳುವವರಂತೆ, “ನೀನು ನನ್ಮೇಲಿನ ಪ್ರೀತಿಗೆ ಇಷ್ಟೆಲ್ಲ ಓಡಾಡಿದ್ದೀಯ ಬೇಟಿ. ಅವರಿಗೆ ನನ್ಮೇಲೆ ಏನು ಹಗೆ, ಸುಳ್ಳು ಬರ್ಯಾಕೆ?” ಎಂದರು.

ಅದು ನಾನಿಯ ನ್ಯಾಯ: ಪ್ರೀತಿಯ ಸಾಕ್ಷಿ ಸಲ್ಲದು, ಹಗೆಯಿಲ್ಲದವನ ಮಾತು ಸಲ್ಲುತ್ತದೆ. ಓದಲು ಬಾರದ ಆ ಹೆಂಗಸು ಅಚ್ಚಾದ ಪುಟಕ್ಕೆ ಕೊಟ್ಟ ಗೌರವದಲ್ಲಿ ಒಂದು ಪಾಲನ್ನಾದರೂ ಆ ಪುಟ ಬರೆದವರು ಅವರಿಗೆ ಕೊಟ್ಟಿದ್ದರೆ! ಸಿಟ್ಟಿನಲ್ಲಿ ಹಾಳೆಗಳನ್ನು ಮಡಚಿಕೊಂಡು ಎದ್ದುಬಂದೆ. ಅವತ್ತು ಅಲ್ಲೇ ಕುಳಿತಿರಬೇಕಿತ್ತು...

ಮರುವರ್ಷದ ಪಿತೃಪಕ್ಷಕ್ಕೂ ನಾನಿ ಅಕ್ಕಿ, ಬಾಳೆಹಣ್ಣು, ಬೆಲ್ಲ ತಂದರು. ಅದರ ಮುಂದಿನ ವರ್ಷಕ್ಕೂ ತಂದರು. ಎಂಜಲು ಗಂಟಿನ ಕಥೆಯನ್ನು ಮಾತ್ರ ಯಾರು ಕೇಳಿದರೂ ಹೇಳುತ್ತಿರಲಿಲ್ಲ. ಅಳಿಯ ಒಮ್ಮೆ ಮರೆತು ಜಪಾನಿನವರ ಮಾತೆತ್ತಿದಾಗ, ಗುದ್ದಲಿಲ್ಲ, ಬೈಯಲಿಲ್ಲ. ಎದ್ದು ಒಳಗೆ ಹೋದರು. ಆಮೇಲೊಂದು ಚಳಿಗಾಲದಲ್ಲಿ ನಾನು ಮೈಸೂರಿನಲ್ಲಿದ್ದಾಗ ಅವರು ತೀರಿಕೊಂಡ ಸುದ್ದಿ ಬಂತು. ನಾನು ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಅವರ ಬೇಸಿನ್ನಿನ ಮುಂದೆ ಮಗಳು ಕುಳಿತು ನೂಲು ಬಿಚ್ಚುತ್ತಿದ್ದಳು. ನನ್ನನ್ನು ಕಂಡು ಕೈ ನಿಲ್ಲಿಸಿದಳು, ಎಳೆ ತುಂಡಾಯಿತು. ಅವಳು ಅದಕ್ಕೆ ಬಿಗಿಯಾಗಿ ಗಂಟು ಹಾಕಿ, ಬಾಲ ಕತ್ತರಿಸಿ, ಆಮೇಲೆ ಎದ್ದು ಬಂದಳು.

ಈಗ ಹೊಸ ಮುದ್ರಣ ಮೇಜಿನ ಮೇಲಿದೆ. ಟಿಪ್ಪಣಿಯಿಲ್ಲ. ಕಾದಂಬರಿಕಾರರೇ, ನಿಮ್ಮ ಪುಸ್ತಕ ಓದುವ ಮಕ್ಕಳು ಪರೀಕ್ಷೆಯಲ್ಲಿ ‘ಸೋಮಾರಿ ಹುಡುಗಿಯ ಪಾತ್ರ ಚಿತ್ರಣ’ 
ಬರೆಯುತ್ತಿದ್ದಾರೆ. ನಾನು ಕೇಳಿದ್ದು ಎರಡು ಸಾಲು. ಅವು ನಿಮ್ಮಿಂದ ಬರಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ, ಈ ಸಲ ಟೈಪಿನಲ್ಲಲ್ಲ, ಅಚ್ಚಿನಲ್ಲಿ: ಎಂಜಲು ಗಂಟು ನೀರಿಗೆ ಬಿಚ್ಚಿಕೊಳ್ಳುತ್ತದೆ. ಅದರಿಂದ ಯಾರೂ ಬೀಳಲಿಲ್ಲ. ಇದನ್ನು ಅಚ್ಚಿನಲ್ಲಿ ತೋರಿಸಬೇಕಾಗಿದ್ದ ಒಬ್ಬರೇ ಒಬ್ಬರಿಗೆ ನಾನು ಇನ್ನು ತೋರಿಸಲಾರೆ.

ಪುಸ್ತಕ ಬಂದದ್ದು ಪಿತೃಪಕ್ಷದಲ್ಲೇ. ಮೊನ್ನೆ ಎಡೆಯ ದಿನ ಊರಿಗೆ ಹೋಗಿದ್ದೆ. ಅವ್ವ ನಾಲ್ಕು ಎಲೆ ಹಾಸಿದ್ದಳು. ನಾಲ್ಕನೆಯದು ಯಾರದೆಂದು ಗೊತ್ತಿದ್ದೂ ಕೇಳಿದೆ. ಅವ್ವ ಆ ಸಿಪಾಯಿಯ ಹೆಸರು ಹೇಳಿದಳು. ನನಗೆ ರೇಗಿತು.

“ಅವ್ವ, ಅಂಥವನು ಇರಲೇ ಇಲ್ಲ ಅಂತ ಎಷ್ಟು ಸಲ ಹೇಳಲಿ? ಅಕ್ಕಿ ತರೋರೂ ಹೋದರು. ಇನ್ನೂ ಯಾರಿಗೆ ಇಡ್ತಿದ್ದೀಯ?”

“ಗೊತ್ತು ಸುಮ್ನಿರೇ. ನೀನೊಬ್ಳೇ ಓದಿರೋಳು,” ಎಂದು ಅವ್ವ ಬಡಿಸುತ್ತಲೇ ಇದ್ದಳು.

ತಾತನ ಎಲೆಗೆ ಮುದ್ದೆ, ಸಾರು. ಅಜ್ಜಿಯ ಎಲೆಗೆ ಕಜ್ಜಾಯ. ಸೋದರಮಾವನಿಗೆ ಚಕ್ಕುಲಿ. ಸಿಪಾಯಿಯ ಎಲೆಯ ಮೇಲೆ ಅನ್ನ, ಬಾಳೆಹಣ್ಣು, ಬೆಲ್ಲ ಇಟ್ಟಳು. ಆಮೇಲೆ ಒಲೆಯ ಕಡೆ ಹೋಗಿ, ಒಂದು ಲೋಟ ಹೊಗೆಯಾಡುವ ಟೀ ತಂದು ಆ ಎಲೆಯ ಪಕ್ಕದಲ್ಲಿಟ್ಟು, ಕಾಗದದ ಪೊಟ್ಟಣ ಬಿಚ್ಚಿ ಬೇಕರಿಯ ಒಂದು ಬನ್ನು ಇಟ್ಟಳು. ಧೂಪ ಹಾಕಿ ಬಾಗಿಲು ಮುಂದೆ ಮಾಡಿದಳು.

ಆ ಕಾದಂಬರಿಯನ್ನು ನಾನು ಮೊದಲಿನಿಂದ ಕೊನೆಯವರೆಗೆ ಎಷ್ಟೋ ಸಲ ಓದಿದ್ದೇನೆ. ಆ ಸಿಪಾಯಿ ಟೀ ಕುಡಿದದ್ದಾಗಲಿ, ಬನ್ನು ತಿಂದದ್ದಾಗಲಿ ಯಾವ ಪುಟದಲ್ಲೂ ಇಲ್ಲ.